ನನ್ನನ್ನು ಒಪ್ಪಿಸಿಕೊಡಲು ಬನ್ನಿ

ಗದಗ
ಫೆಬ್ರವರಿ ೩೦, ೨೦೯೬

ಮುತ್ತಜ್ಜಿ, ನನಗೆ ಮದುವೆ ಆಯಿತು! ಮೊದಲು ಅದನ್ನು ಹೇಳಿಬಿಡುತ್ತೇನೆ, ನಮಸ್ಕಾರ, ಕ್ಷೇಮಸಮಾಚಾರ ಎಲ್ಲ ಆಮೇಲೆ. ನಾನು ಶಾಲ್ಮಲಾ, ನಿಮ್ಮ ಮಗಳ ಮಗಳ ಮಗಳು. ನೀವು ಇದನ್ನು ಓದುವ ೨೦೨೧ರಲ್ಲಿ ನಿಮಗೂ ನನ್ನಷ್ಟೇ ವಯಸ್ಸು, ಮುತ್ತಜ್ಜಿ ಎಂದು ಕರೆಸಿಕೊಳ್ಳಲು ಇನ್ನೂ ಮಗಳೇ ಹುಟ್ಟಿಲ್ಲ. ಆದರೂ ಭಾಗ್ಯಶ್ರೀ ಎಂದು ಹೆಸರು ಹಿಡಿದು ಕರೆಯಲು ನನಗೆ ನಾಲಿಗೆ ಏಳುವುದಿಲ್ಲ. ಮೇಲಿನ ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ದಿನಗಳನ್ನೆಲ್ಲ ವರ್ಷದ ಕೊನೆಗೆ ಸೇರಿಸಿ ಗಾಳಿಹಬ್ಬ ಮಾಡುತ್ತೇವೆ. ಆಗ ಊರಿನ ಬೀರು, ಪೆಟ್ಟಿಗೆ, ಹಾಸಿಗೆಗಳೆಲ್ಲ ಬೀದಿಗೆ ಬಂದು ಬಿಸಿಲು ಕಾಯಿಸುತ್ತವೆ. ಇಂಥ ಹೊಸ ಮಾತುಗಳು ಇನ್ನೂ ಬರುತ್ತವೆ, ಕ್ಷಮಿಸಿ. ನಿಮ್ಮ ಕಾಲದ ಕನ್ನಡವೂ ನನಗೆ ಅಷ್ಟಕ್ಕಷ್ಟೇ. ಓದಿದ್ದು ಇಂಗ್ಲಿಷ್ ಮೀಡಿಯಂ. ಅದೊಂದು ಮಾತ್ರ ನಿಮ್ಮ ಕಾಲದಿಂದ ಬದಲಾಗಿಲ್ಲ.

ಈ ಕಾಗದಕ್ಕೆ ಹಿಂದೋಲೆ ಎನ್ನುತ್ತೇವೆ. ಕಾಯ್ಮನೆಯಲ್ಲಿ ಒಂಟಿಯಾಗಿ ಇರುವವರು ತಮಗಿಂತ ಹಿಂದೆ ಬದುಕಿದ್ದ ಯಾರಿಗಾದರೂ ಬರೆಯುತ್ತಿರಲಿ ಎಂದು ವೈದ್ಯರೇ ಹೇಳುತ್ತಾರೆ. ಸುಮ್ಮನೆ ಗೋಡೆ ನೋಡುತ್ತ ಕೂತರೆ ಉಸಿರಿಗಿಂತ ಮೊದಲು ಮನಸ್ಸು ಕೆಡುತ್ತದಂತೆ. ಕಾಯ್ಮನೆ ಎಂದರೆ, ಸೋಂಕಿದವರ ಹತ್ತಿರ ಇದ್ದವರು ತಮಗೂ ಅಂಟಿದೆಯೋ ಇಲ್ಲವೋ ಎಂದು ತಿಳಿಯುವ ತನಕ ಇರುವ ಮನೆ. ನನ್ನ ಕೋಣೆಯಲ್ಲಿ ಎದುರುಬದುರು ಎರಡು ಕಿಟಕಿ, ಒಂದು ಮಂಚ, ಒಂದು ಹೂಜಿ. ಊಟದ ತಟ್ಟೆ ಗೋಡೆಯ ಗೂಡಿನಲ್ಲಿ ಬಂದು ಕೂರುತ್ತದೆ, ತಂದವರ ಮುಖ ಕಾಣುವುದಿಲ್ಲ. ಹಸಿರು ಬಳೆ ತುಂಬಿದ ಕೈಯಲ್ಲಿ ಒಬ್ಬಳೇ ರೊಟ್ಟಿ ಮುರಿಯುವಾಗ ಎಷ್ಟು ಸದ್ದಾಗುತ್ತದೆ ಗೊತ್ತೇ!

ನನ್ನ ಗಂಡನ ಹೆಸರು ಜೇನುಕಲ್ಲೇಶ, ಅರಸೀಕೆರೆಯವನು. ನಾನು ಜೇನು ಎಂದೇ ಕರೆಯುತ್ತೇನೆ! ಅವನು ಗಾಳಿ ಮೇಸ್ತ್ರಿ. ಹಳೆಯ ಶಾಲೆ, ಕಚೇರಿಗಳ ಗೋಡೆ ಒಡೆದು, ಒಳಗಿನ ಉಸಿರು ಹೊರಗೆ ಹೋಗುವಂತೆ ಕಿಂಡಿ ಕೂರಿಸುತ್ತಾನೆ. ನಮ್ಮ ಮದುವೆ ನಡೆದದ್ದು ಬಯಲಲ್ಲಿ, ಬೇವಿನ ಮರದ ಕೆಳಗೆ. ಈಗ ಕೆಮ್ಮುಗಾಲ. ಮಳೆಗಾಲದಂತೆ ಇದೂ ನಮಗೊಂದು ಕಾಲ, ಕೆಲವು ವರ್ಷ ಬಂದೇ ಬರುತ್ತದೆ, ಕೆಲವು ವರ್ಷ ಕನಿಕರ ತೋರಿಸುತ್ತದೆ. ಅದು ಶುರುವಾಯಿತೆಂದರೆ ನೆಂಟರು ಕಡಿಮೆ, ಊಟ ಬಯಲಲ್ಲಿ, ಎಲ್ಲರ ಮುಖಕ್ಕೂ ಬಾಯ್ಬಟ್ಟೆ. ನನ್ನದರ ಮೇಲೆ ಅವ್ವ ಕಸೂತಿಯಲ್ಲಿ ಎರಡು ನವಿಲು ಕೂರಿಸಿದ್ದಳು. ಜೇನು ತಾಳಿ ಕಟ್ಟುವಾಗ ನಕ್ಕನೋ ಇಲ್ಲವೋ ಕಣ್ಣು ನೋಡಿಯೇ ತಿಳಿಯಬೇಕಾಯಿತು. ನಕ್ಕ, ನನಗೆ ಗೊತ್ತು.

ಅಂದು ಸಂಜೆಯೇ ಜೇನು ಮತ್ತು ಅವನ ಕಡೆಯವರು ಅರಸೀಕೆರೆಗೆ ಮುಂದೆ ಹೋದರು. ಮರುದಿನ ಅವ್ವ ನನ್ನನ್ನು ಕರೆದುಕೊಂಡು ಹೋಗಿ ಒಪ್ಪಿಸಿಕೊಡಬೇಕಿತ್ತು. ನಮ್ಮ ಮನೆಯಲ್ಲಿ ಇರುವವರೇ ನಾವಿಬ್ಬರು. ಬೆಳಿಗ್ಗೆ ನೋಡಿದರೆ ಅವ್ವನಿಗೆ ಜ್ವರ. ಪರೀಕ್ಷೆಯ ಪಟ್ಟಿಯಲ್ಲಿ ಗೆರೆ ಮೂಡಿತು. ಅವ್ವ ಮನೆಯಲ್ಲಿ ಉಳಿದಳು, ನಾನು ಇಲ್ಲಿಗೆ ಬಂದೆ, ಸುದ್ದಿ ತಿಳಿದ ಜೇನು ಅಲ್ಲಿನ ಕಾಯ್ಮನೆ ಸೇರಿದ, ಮದುವೆಗೆ ಬಂದ ನೆಂಟರೆಲ್ಲ ಅವರವರ ಮನೆ ಹಿಡಿದರು. ಮದುವೆಯಾದ ಮೇಲೆ ನಾವು ಗಂಡ ಹೆಂಡತಿ ಜೊತೆಗೆ ಕೂತು ಒಂದು ಲೋಟ ನೀರು ಕುಡಿದಿಲ್ಲ ಮುತ್ತಜ್ಜಿ.

ಇಲ್ಲಿನ ಪಡಸಾಲೆಯಲ್ಲಿ ನಿಮ್ಮ ಕಾಲದ ಒಂದು ತಗಡಿನ ಫಲಕವಿದೆ, 'ಅಂತರ ಕಾಯ್ದುಕೊಳ್ಳಿ' ಎಂದು. ನಾನು ಅದನ್ನು, ದೂರದಲ್ಲೇ ಇರಿ, ಆದರೆ ಒಬ್ಬರಿಗಾಗಿ ಒಬ್ಬರು ಕಾಯುತ್ತಿರಿ ಎಂದು ಓದಿಕೊಂಡಿದ್ದೆ. ಸರ್ಕಾರ ಎಷ್ಟು ಚೆನ್ನಾಗಿ ಬರೆಯುತ್ತಿತ್ತು ಆಗ ಎಂದು ಫೋನಿನಲ್ಲಿ ಹೇಳಿದರೆ ಜೇನು ಬಿದ್ದು ಬಿದ್ದು ನಕ್ಕ. "ಅಯ್ಯೋ ಕಾನ್ವೆಂಟಮ್ಮ, ಅದು ಕಾಯೋದಲ್ಲ ಕಣೇ, ಕಾಪಾಡ್ಕೊಳ್ಳೋದು! ದೂರ ನಿಂತ್ಕೊಳ್ರಪ್ಪಾ ಅಂತ, ಅಷ್ಟೇಯ." ಇರಬಹುದು. ನನಗೆ ನನ್ನ ಅರ್ಥವೇ ಇಷ್ಟ.

ನಿನ್ನೆ ನನಗೂ ಅಲ್ಲಿ ಜೇನುವಿಗೂ ಪರೀಕ್ಷೆ ಆಯಿತು, ಇಬ್ಬರಿಗೂ ಗೆರೆ ಇಲ್ಲ, ನಾನು ಹೊರಡಬಹುದು! ಕೆಮ್ಮುಗಾಲ ಏರುತ್ತಿರುವುದರಿಂದ ಗುರುವಾರದ ನಂತರ ಊರೂರ ನಡುವೆ ಗಾಡಿ ಇಲ್ಲ. ಆಮೇಲೆ ಹೋಗುವುದೆಂದರೆ ಮಳೆ ಹಿಡಿದ ಮೇಲೆಯೇ. ಈ ಸುದ್ದಿ ಹೇಳಿದ್ದೇ ತಡ, ಅವ್ವ ಇಳಕಲ್ ಸೀರೆ ಉಟ್ಟು, ಚೀಲ ಹಿಡಿದು, ಕಾಯ್ಮನೆಯ ಅಂಗಳದಾಚೆ ಬಂದು ನಿಂತಳು.

"ಏ ಶಾಲೂ, ಕಿಟಕಿಗೆ ಬಾರವಾ. ನೋಡಿಲ್ಲೆ, ತಯಾರಾಗೇನಿ."

"ಜ್ವರ ಬಿಟ್ಟೈತೇನವ್ವಾ? ಗೆರಿ ಹೋತೇನು?"

"ಗುಳಗಿ ತಗೊಂಡೀನಿ, ಮೈ ತಣ್ಣಗೈತಿ. ಗಂಟಲದಾಗ ಒಂದ ಅಕ್ಕಿಕಾಳು ಸಿಕ್ಕೈತಿ. ನಿನ್ನ ಮದುವಿ ಅಕ್ಕಿಕಾಳವಾ, ಅಷ್ಟ."

"ಅಕ್ಕಿಕಾಳಿಗೆ ಜ್ವರ ಬರ್ತಾವೇನು?"

"ಬಾಳ ಶಾಣ್ಯಾಕಿ ಆಗೀಯಲ್ಲ! ಹಂಗಾರ ನಿನ್ನ ಯಾರು ಒಪ್ಪಸ್ತಾರ? ಪಾರ್ಸಲ್ ಇಳಿದಂಗ ಒಬ್ಬಾಕೀನ ಹೋಗಿ ಇಳೀತೀಯೇನು? ಹಿಂದ ಮುಂದ ಯಾರೂ ಇಲ್ಲದಾಕಿ ಅಂತಾರ ಮಂದಿ."

ಅವ್ವನ ಮಾತು ಸುಳ್ಳಲ್ಲ. ಒಪ್ಪಿಸುವುದೆಂದರೆ ನಿಮಗೆ ಗೊತ್ತೇ ಇದೆ. ತವರಿನ ಹಿರಿಯಳು ಹೆಣ್ಣಿನ ಮಣಿಕಟ್ಟು ಹಿಡಿದು, ಹಾಲಿನ ತಟ್ಟೆಯಲ್ಲಿ ಅವಳ ಕೈ ಅದ್ದಿ, ಆ ಮನೆಯ ಹಿರಿಯಳ ಕೈಗೆ ಇಡಬೇಕು. ಅಲ್ಲಿ ಹಿರಿಯಳೆಂದರೆ ಜೇನುವಿನ ಅಜ್ಜಿ. ಹಿಂದಿನ ಕೆಮ್ಮುಗಾಲದಲ್ಲಿ ಹೇಗೋ ಬದುಕಿ ಉಳಿದವರು. ಈಗಲೂ ನಾಲ್ಕು ಮಾತಾಡಿದರೆ ಉಸಿರಿಗೆ ನಿಲ್ಲುತ್ತಾರೆ. ಒಂದು ತಟ್ಟೆಯ ಈಚೆ ಅವ್ವನ ಮುಖ, ಆಚೆ ಅವರ ಮುಖ. ಅಂಟಲು ಅಷ್ಟು ಸಾಕು.

"ಅವ್ವಾ, ಅಲ್ಲಿ ಅಜ್ಜಿ ಅದಾರ," ಎಂದೆ. "ನೀ ಬರಬ್ಯಾಡ."

ನಾನು ಅವ್ವನಿಗೆ ಹಾಗೆ ಹೇಳಿದ್ದು ಜೀವಮಾನದಲ್ಲಿ ಅದೇ ಮೊದಲು. ಅವಳು ಸರಿಯಾಗಿಯೇ ಇದ್ದ ಸೆರಗನ್ನು ಮತ್ತೆ ಸರಿಮಾಡಿಕೊಂಡಳು.

"ಆತು. ಹೋಳಿಗಿ ಮಾಡೀನಿ ಅವರ ಮನಿಗೆ. ಕೆಮ್ಮಿದ ಬಾಯಿ ಮುಂದ ಮಾಡಿದ್ದು, ಅದೂ ಬ್ಯಾಡ ಹಂಗಾರ," ಎಂದು ಚೀಲ ಎತ್ತಿಕೊಂಡು ಹೋದಳು. ಗೋಡೆಯ ತಿರುವು ದಾಟುವ ತನಕ ಕೆಮ್ಮು ತಡೆದುಕೊಂಡಿದ್ದಳು. ದಾಟಿದ ಮೇಲೆ ಕೇಳಿಸಿತು, ಬಹಳ ಹೊತ್ತು.

ಸರಿಯಾದದ್ದನ್ನೇ ಹೇಳಿದೆ ಎಂದು ಗೊತ್ತು. ನಮ್ಮ ಮಕ್ಕಳು ಅಕ್ಷರಕ್ಕಿಂತ ಮೊದಲು ಮೊಳಕೈಗೆ ಕೆಮ್ಮುವುದನ್ನು ಕಲಿಯುತ್ತಾರೆ, ಮೈ ಸರಿಯಿಲ್ಲದಿದ್ದರೆ ಮನೆಯಲ್ಲೇ ಇರಬೇಕೆಂಬುದನ್ನು ಹಾಡಿನಲ್ಲಿ ಕಲಿಯುತ್ತಾರೆ. ಆದರೆ ಆ ಹಾಡು ಹಾಡುವಾಗ, ಇರು ಎಂದು ಹೇಳಬೇಕಾದದ್ದು ನಮ್ಮವ್ವನಿಗೆ ಎಂದು ಯಾರೂ ಹೇಳಿಕೊಡುವುದಿಲ್ಲ. ನಿಮ್ಮ ಸುತ್ತಲಿನವರಿಗೆ ತಿಳಿಸಿ ಮುತ್ತಜ್ಜಿ, ಗಂಟಲು ಕೆರೆಯುತ್ತಿದ್ದರೆ ಪ್ರೀತಿಯಿಂದಲೂ ಹೊರಡಬೇಡಿ ಎಂದು. ಪ್ರೀತಿಯಿಂದ ಹೊರಟವರನ್ನು ತಡೆಯುವುದೇ ಎಲ್ಲಕ್ಕಿಂತ ಕಷ್ಟ.

ನಿಮಗೆ ಬರೆಯಲು ಕಾರಣವಿದೆ. ನಿಮ್ಮ ಮದುವೆಯಲ್ಲಿ ನಿಮ್ಮ ಅವ್ವನೂ ಕೊರೋನಾದಿಂದ ಹಾಸಿಗೆ ಹಿಡಿದಿದ್ದರಂತೆ. ಫೋನನ್ನು ಅಕ್ಕಿ ಅಳೆಯುವ ಸೇರಿಗೆ ಆನಿಸಿಟ್ಟು ಅವರು ಆ ಕಡೆಯಿಂದ ಒಪ್ಪಿಸಿದರು, ಹಾಲಿನೊಳಗೆ ನಿಮ್ಮ ಕೈಯನ್ನು ನೀವೇ ಇಟ್ಟಿರಿ ಎಂದು ನಮ್ಮಲ್ಲಿ ಇನ್ನೂ ಹೇಳುತ್ತಾರೆ. ನಮ್ಮವ್ವನ ಮಾತೂ ಫೋನಿನಲ್ಲಿ ಬರುತ್ತದೆ. ಮಣಿಕಟ್ಟು ಹಿಡಿಯುವ ಕೈ ಬರುವುದಿಲ್ಲ. ಆ ಹೊತ್ತಿನ ಹಾಲು ಎಷ್ಟು ತಣ್ಣಗಿರುತ್ತದೆ ಎಂದು ಗೊತ್ತಿರುವವರು ನನ್ನ ಕಡೆಯಲ್ಲಿ ನೀವೊಬ್ಬರೇ.

ನಿಮಗೆ ಕೆಮ್ಮಿಲ್ಲ, ಜ್ವರವಿಲ್ಲ, ನಿಮ್ಮಿಂದ ಯಾರಿಗೂ ಏನೂ ಅಂಟುವುದಿಲ್ಲ. ನನ್ನ ಎಡಕ್ಕೆ ನಿಂತು ಮಣಿಕಟ್ಟು ಹಿಡಿದುಕೊಳ್ಳಿ, ಸಾಕು. ಯಾರಾದರೂ ಕೇಳಿದರೆ ತವರಿನವರು ಬಂದಿದ್ದಾರೆ ಎನ್ನುತ್ತೇನೆ. ಬರುವ ಗುರುವಾರ, ಮಾರ್ಚ್ ನಾಲ್ಕು, ಗದಗದಿಂದ ಬೆಳಿಗ್ಗೆ ಬಿಡುವ ಪ್ಯಾಸೆಂಜರ್ ಗಾಡಿಯಲ್ಲಿ ಮಧ್ಯಾಹ್ನ ಅರಸೀಕೆರೆಯಲ್ಲಿ ಇಳಿಯುತ್ತೇನೆ.