ಬಿಚ್ಚಿದ ಬೆಂಚುಗಳ ಪರವಾಗಿ

ಮಾನ್ಯ ಕಟ್ಟಡ ಅಧಿಕಾರಿಗಳೇ,

ಒಳಾಂಗಣ ವಿನ್ಯಾಸದ ತರಗತಿಯಲ್ಲಿ ಬಿಚ್ಚಿರುವ ಬೆಂಚುಗಳನ್ನು ಸೋಮವಾರದೊಳಗೆ ಮತ್ತೆ ನೆಲಕ್ಕೆ ಬೋಲ್ಟು ಹಾಕಿ ಬಿಗಿಯಬೇಕೆಂಬ ತಮ್ಮ ಆದೇಶ ತಲುಪಿತು. ಅದು ತಪ್ಪು. ಖಾಸಗಿಯಾಗಿ ಬರೆದ ಮನವಿಗಳು ತಮ್ಮ ಮೇಜಿನ ಮೇಲೆ ಸುಖನಿದ್ರೆಯಲ್ಲಿವೆ. ಆದ್ದರಿಂದ ಇದನ್ನು ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ.

ಬೆಂಚು ಬಿಚ್ಚಿಸಿದವಳು ನಾನೇ, ಆ ತರಗತಿಯ ಮೇಡಂ. ಕಾರಣ ನನ್ನ ಸೋದರತ್ತೆ. ಅವರು ತಮ್ಮ ನಡುಮನೆಯನ್ನು ಹೊಸದಾಗಿ ಜೋಡಿಸುವ ಕೆಲಸವನ್ನು ನನ್ನ ವಿದ್ಯಾರ್ಥಿಗಳಿಗೆ ಒಪ್ಪಿಸಿದ್ದರು. ಮಕ್ಕಳು ನಕ್ಷೆ ತಂದರು. ಒಬ್ಬರೂ ಬಿಡದೆ ಸೋಫಾ, ಕುರ್ಚಿಗಳನ್ನು ಒಂದರ ಹಿಂದೊಂದು ಸಾಲಾಗಿಟ್ಟು, ಎಲ್ಲದರ ಮುಖವನ್ನೂ ಒಂದೇ ಗೋಡೆಗೆ ತಿರುಗಿಸಿದ್ದರು. ಅತ್ತೆ ಕನ್ನಡಕ ಏರಿಸಿ ನೋಡಿದರು.

“ಅಲ್ಲಮ್ಮಾ, ನಿಮ್ಮ ಮಾವನ ಬೆನ್ನು ನೋಡ್ಕೊಂಡು ನಾನು ಚಹಾ ಕುಡೀಬೇಕಾ? ಇಲ್ಲಿ ಪಾಠ ಮಾಡೋರು ಯಾರು?”

ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಆದರೆ ತಪ್ಪು ಮಕ್ಕಳದೇ? ಮೂರು ವರ್ಷ ಮುಂದಿನ ಬೆಂಚಿನವರ ಜಡೆ, ಕಾಲರು ನೋಡುತ್ತ ಕೂತವರಿಗೆ ಮನುಷ್ಯರು ಎದುರುಬದುರು ಕೂರುತ್ತಾರೆಂಬುದೇ ಮರೆತುಹೋಗಿತ್ತು. ಈಜುಕೊಳಕ್ಕೆ ಬೀಗ ಹಾಕಿ ಈಜು ಕಲಿಸಿದಂತಾಗಿತ್ತು ನನ್ನ ಪಾಠ.

ಮಾರನೆಯ ದಿನವೇ ಪಾನಾ ಹಿಡಿದು ಬೆಂಚು ಬಿಚ್ಚಿ, ಕಿಟಕಿಯ ಬಳಿ ಸುತ್ತುಗಟ್ಟಿ ಕೂತೆವು. ಟ್ಯೂಬ್‌ಲೈಟಿನ ಕೆಳಗೆ ಹಸಿರೆಂದು ವಾದಿಸಿದ್ದ ಪರದೆ ಬಟ್ಟೆ ಹಗಲಿನಲ್ಲಿ ನೀಲಿಯಾಗಿತ್ತು. ಅದಿರಲಿ, ಹಿಂದಿನ ಬೆಂಚಿನಲ್ಲಿ ಒಬ್ಬ ಹುಡುಗಿಯಿದ್ದಳು, ಗೆಳತಿಯರ ಬಾಯಲ್ಲಿ ‘ಪಿಸುಮಾತು’. ನನ್ನ ಅತ್ತೆಯನ್ನು ಅಜ್ಜಿ ಎನ್ನುತ್ತಿದ್ದ ಅವಳು ಅಂದು ನಕ್ಷೆ ತೋರಿಸಿ ಬಾಯಿಬಿಟ್ಟಳು.

“ಮೇಡಂ, ಅಜ್ಜಿ ಕುರ್ಚಿ ಬಾಗಿಲಿಗೆ ಬೆನ್ನು ಮಾಡಿದೆ. ಮನೆಗೆ ಬಂದೋರು ಅವರಿಗೆ ಕಾಣೋದೇ ಇಲ್ಲ.”

ಅವಳ ದನಿಯನ್ನು ನಾನು ಸರಿಯಾಗಿ ಕೇಳಿದ್ದು ಅದೇ ಮೊದಲು. ನನಗೆ ಎಷ್ಟು ಖುಷಿಯಾಯಿತೆಂದರೆ ಕಣ್ಣು ತುಂಬಿಬಂತು. ಅತ್ತೆ ಒಪ್ಪಿದ್ದು ಅವಳು ಹೊಸದಾಗಿ ಬರೆದ ನಕ್ಷೆಯನ್ನೇ. ಮುಂದಿನ ತಿಂಗಳು ಪರೀಕ್ಷಕರೆದುರು ನಿಂತು ಅದನ್ನವಳು ವಿವರಿಸಬೇಕು. ಮತ್ತೆ ಹಿಂದಿನ ಸಾಲಿಗೆ ತಳ್ಳಿದರೆ ಆ ದನಿ ಉಳಿದೀತೇ?

ಸಾಲು ತಪ್ಪಿದರೆ ಶಿಸ್ತು ತಪ್ಪುತ್ತದೆ ಎಂದು ಅಪ್ಪಣೆ ಕೊಡಿಸಿದ್ದೀರಿ. ತಮ್ಮ ಸಭಾಕೊಠಡಿಯಲ್ಲಿ ತಾವೆಲ್ಲ ದುಂಡುಮೇಜಿನ ಸುತ್ತ ಕೂರುತ್ತೀರಲ್ಲ, ಅಲ್ಲಿ ಶಿಸ್ತಿಗೇನಾದರೂ ಕೊರತೆಯಾಗಿದೆಯೇ? ಆಗಿದ್ದರೆ ತಿಳಿಸಿ, ನಾಳೆಯೇ ಬಂದು ಸಾಲುಬೆಂಚು ಹಾಕಿಸಿಕೊಡುತ್ತೇವೆ.

ಆದೇಶವನ್ನು ಹಿಂಪಡೆಯಿರಿ. ಇಲ್ಲವೇ ಸೋಮವಾರ ತಾವೇ ಬನ್ನಿ, ಬೋಲ್ಟುಗಳೆಲ್ಲ ಜೋಪಾನವಾಗಿವೆ. ಮೊದಲು ಆ ಹುಡುಗಿಯ ಎದುರು ಕೂತು ಅವಳ ವಿವರಣೆಯನ್ನು ಪೂರ್ತಿ ಕೇಳಿ. ಆಮೇಲೂ ಬಿಗಿಯಲೇಬೇಕು ಅನಿಸಿದರೆ, ಪಾನಾವನ್ನು ಅವಳ ಕೈಯಿಂದಲೇ ಇಸಿದುಕೊಳ್ಳಿ.

ಇಂತಿ,
ಪಾಠಕ್ಕಿಂತ ಪಾನಾದಿಂದಲೇ ಹೆಸರು ಮಾಡಿದ ಮೇಡಂ