ಉಡಿ ಒಡ್ಡಬೇಡ

ಗುಳೇದಗುಡ್ಡ
೧೦-೮-೧೯೭೮

ಮುತ್ತವ್ವಗೆ ನಿನ್ನ ಅತ್ತೆಯ ಆಶೀರ್ವಾದ.

ಕೈಯ ಎಲುಬು ಕೂಡಿತೇ? ಪಟ್ಟಿ ಬಿಚ್ಚುವ ಅವಸರ ಮಾಡಬೇಡ.

ಮುಂದಿನ ಸೋಮವಾರ ಅಂದಾನಪ್ಪ ಹಿರಿಯರನ್ನು ಕಟ್ಟಿಕೊಂಡು ನಿನ್ನನ್ನು ಕರೆಯಲು ಇಳಕಲ್ಲಿನ ನಿನ್ನ ತವರಿಗೆ ಬರುತ್ತಾನೆ. “ನೀ ಬರದಿದ್ರ ಅಕಿ ಬರೂದಿಲ್ಲ, ಯವ್ವಾ” ಎಂದು ನನ್ನನ್ನೂ ಹೊರಡಿಸಿದ್ದಾನೆ. ಹೆತ್ತ ಮಗ. ಅವನ ಮುಂದೆ ಒಲ್ಲೆ ಎನ್ನಲು ನನಗೆ ಬಾಯಿ ಬರಲಿಲ್ಲ.

ಅವನು ನಿನ್ನ ಮೇಲೆ ಕೈ ಮಾಡಿದಾಗಲೆಲ್ಲ ನಾನು ಹೋಗಿ ಮಗ್ಗಕ್ಕೆ ಕೂಡುತ್ತಿದ್ದೆ. ನಿನ್ನ ಕೂಗು ಓಣಿಗೆ ಕೇಳದಿರಲಿ ಎಂದು ಜೋರಾಗಿ ನೇಯುತ್ತಿದ್ದೆ. “ಶಿವಲಿಂಗವ್ವ ಈ ವಯಸ್ಸಿನ್ಯಾಗೂ ಭಾಳ ದುಡೀತಾಳ” ಎಂದು ಓಣಿಯವರು ಹೊಗಳಿದರೆ ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದೆ. ಈಗ ಮಗ್ಗದ ಮುಂದೆ ಕೂತರೆ ಕೈ ಏಳುವುದಿಲ್ಲ.

ಸೋಮವಾರ ನಿನ್ನ ಉಡಿ ತುಂಬಲು ಅಕ್ಕಿ, ಕೊಬ್ಬರಿ, ಕುಪ್ಪಸದ ಖಣ ತರುತ್ತೇನೆ. ನಿನ್ನ ಕೈ ಮುರಿದ ದಿನ ನಾನು ನೇಯುತ್ತಿದ್ದ ಖಣವೇ ಅದು. ಮನೆಯಲ್ಲಿ ಬೇರೆ ಇಲ್ಲ. ಉಡಿ ತುಂಬಿಸಿಕೊಂಡರೆ ನೀನು ಬರಲು ಒಪ್ಪಿದಂತೆ. ಆಮೇಲೆ ನಿಮ್ಮಪ್ಪನೂ ತಡೆಯಲಾರ. ಹಿರಿಯರ ಮುಂದೆ ನಾನು, “ಉಡಿ ಒಡ್ಡು ನಮ್ಮವ್ವ, ಇನ್ನ ನಾ ನೋಡ್ಕೋತೇನಿ” ಎನ್ನುತ್ತೇನೆ. ಮಗ ಪಕ್ಕದಲ್ಲೇ ನಿಂತಿರುತ್ತಾನೆ, ಹಾಗೆ ಅನ್ನದೆ ಇರಲಾರೆ.

ನೀನು ಒಡ್ಡಬೇಡ. ಕೈ ನೋವು ಎಂದು ಹೇಳು, ಸುಳ್ಳೇನಲ್ಲ. ಒಳಗೆ ಹೋಗಿ ಅಗಳಿ ಹಾಕಿಕೋ.

ಈ ಕಾಗದವನ್ನು ಒಲೆಗೆ ಹಾಕು. ಅಂದು ನಾನು ಕದ ಬಡಿದು ಅತ್ತರೂ ತೆಗೆಯಬೇಡ.

ಇಂತಿ,
ಶಿವಲಿಂಗವ್ವ