ಬ್ರೇಕ್ ಪೈಪು

ಅಪ್ಪಾಜಿ, ನೀವು ತೀರಿಕೊಂಡ ಮೇಲೆ ಇದನ್ನು ಹೇಳಲು ನನಗೆ ಬೇರೆ ಯಾರೂ ಇಲ್ಲ.

ಬೆಳಿಗ್ಗೆ ಸಾತನೂರಿನ ಇಳಿಜಾರಿನಲ್ಲಿ ನಿಮ್ಮ ಜೀಪಿನ ಬ್ರೇಕ್ ಹಿಡಿಯಲಿಲ್ಲ. ಪಕ್ಕದಲ್ಲಿ ಅವ್ವ ಕೂತಿದ್ದಳು. ಗಾಡಿಯನ್ನು ಮಣ್ಣಿನ ದಿಬ್ಬಕ್ಕೆ ಗುದ್ದಿಸಿ ನಿಲ್ಲಿಸಿದೆ. ಇಳಿದು ನೋಡಿದರೆ ಬ್ರೇಕ್ ಆಯಿಲ್ ಸೋರಿ ಚಕ್ರವೆಲ್ಲ ಒದ್ದೆಯಾಗಿತ್ತು. ಜೀಪು ನನ್ನ ಪಾಲಿಗೆ ಬಂದದ್ದಕ್ಕೆ ಮುನಿದಿದ್ದ ತಮ್ಮ ತಿಮ್ಮೇಶನೇ ಪೈಪ್ ಕೊಯ್ದಿದ್ದಾನೆ ಎಂದುಕೊಂಡೆ. ಮನೆಗೆ ಹೋದವನೇ “ಬ್ರೇಕ್ ಪೈಪ್ ಕೊಯ್ದೆಯಲ್ಲೋ, ಗಾಡೀಲಿ ಅವ್ವನೂ ಇದ್ಲು!” ಎಂದು ಅವನ ಮೇಲೆ ವೀಲ್ ಸ್ಪ್ಯಾನರ್ ಬೀಸಿದೆ.

“ನಾನಲ್ಲ ಕಣಣ್ಣ!” ಎಂದು ಅಡ್ಡ ಹಿಡಿದ ಅವನ ಕೈ ಮುರಿಯಿತು. ಆದರೂ ನಿಲ್ಲಿಸದೆ ತಲೆಗೆ ಹೊಡೆದೆ.

ಸಂಜೆ ಮೆಕ್ಯಾನಿಕ್ ಮುನಿಶಾಮಯ್ಯ ಪೈಪ್ ಬಿಚ್ಚಿ ತೋರಿಸಿದರು. “ಯಾರೂ ಕುಯ್ದಿಲ್ಲ ಕಣಪ್ಪ. ರಬ್ಬರ್ ಹಳೇದಾಗಿ ಒಡ್ದೋಗೈತೆ. ನೀನು ಸರ್ವೀಸೇ ಮಾಡ್ಸಿಲ್ವಾ?”

ಅವನನ್ನು ಸೇರಿಸಿದ್ದ ಆಸ್ಪತ್ರೆಗೆ ಓಡಿದೆ. ತಿಮ್ಮೇಶ ಕಷ್ಟಪಟ್ಟು ಕಣ್ಣು ತೆರೆದು ಕೇಳಿದ:

“ಅಣ್ಣ, ಅವ್ವಂಗೇನೂ ಆಗ್ಲಿಲ್ಲ ತಾನೆ?”